ಕಾನ್ಸಲರಿಗೆ ಕಾನೂನಿನ ರಕ್ಷೆ ಎಷ್ಟು?

ಶೇಷಾದ್ರಿಪುರಂ ಬಡಾವಣೆಗೆ ಯಾರ ಹೆಸರನ್ನಿಟ್ಟಿದೆಯೋ ಆ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದರು. ಸಂಸ್ಥಾನದ ಆಡಳಿತವೆಲ್ಲ ಅವರ ಕೈಯಲ್ಲಿದ್ದರೂ ಸಂಸ್ಥಾನದ ನ್ಯಾಯಾಲಯಗಳು ಎಲ್ಲರನ್ನೂ ಸಮನಾಗಿ ವಿಚಾರಿಸುವಂತಿರಲಿಲ್ಲ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಪತ್ರದಲ್ಲಿಯೇ, ಯೂರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಪೂರ್ಣ ನ್ಯಾಯಾಧಿಕಾರವನ್ನು ಭಾರತದ ಗವರ್ನರ್ ಜನರಲರು ತಮ್ಮಲ್ಲಿ ಉಳಿಸಿಕೊಂಡಿದ್ದರು. ವರ್ತಕನಾಗಲಿ, ತೋಟದ ಮಾಲೀಕನಾಗಲಿ, ಅಂಥವನಿಗೆ ಹುಟ್ಟೇ ಕವಚವಾಗಿತ್ತು.

ಆ ಕಾಲ ಕಳೆಯಿತು. ಇಂದು ಬೆಂಗಳೂರಿನಲ್ಲಿ ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಮೊದಲಾದ ದೇಶಗಳ ಕಾನ್ಸಲ್ ಕಚೇರಿಗಳಿವೆ. 2025ರ ಜನವರಿಯಲ್ಲಿ ಅಮೆರಿಕಾದ ಕಚೇರಿಯೂ ಉದ್ಘಾಟನೆಗೊಂಡಿತು. "ಇವರು ಏನು ಮಾಡಿದರೂ ನಮ್ಮ ಪೋಲೀಸರು ಮುಟ್ಟುವಂತಿಲ್ಲವಂತೆ" ಎಂಬ ಮಾತು ಆಗಾಗ ಕೇಳಿಬರುವುದುಂಟು. ಅದು ಎಷ್ಟರಮಟ್ಟಿಗೆ ನಿಜ?

ರಾಯಭಾರಿ ಬೇರೆ, ಕಾನ್ಸಲ್ ಬೇರೆ. ರಾಯಭಾರಿಗಳ ವ್ಯವಹಾರ ಸರ್ಕಾರದೊಡನೆ. ಕಾನ್ಸಲರದು ಹೆಚ್ಚಾಗಿ ಜನರೊಡನೆ. ತಮ್ಮ ದೇಶದವರಿಗೆ ಪಾಸ್‌ಪೋರ್ಟ್, ಹೋಗಬಯಸುವವರಿಗೆ ವೀಸಾ, ಕಾಗದಪತ್ರಗಳ ದೃಢೀಕರಣ, ಕಷ್ಟಕ್ಕೆ ಸಿಕ್ಕಿದವರಿಗೆ ನೆರವು, ಇವು ಅವರ ಕೆಲಸಗಳು. ರಾಯಭಾರಿಗಳಿಗೆ ಕ್ರಿಮಿನಲ್ ಮೊಕದ್ದಮೆಗಳಿಂದ ಸಂಪೂರ್ಣ ವಿನಾಯಿತಿಯುಂಟು. ಕಾನ್ಸಲರಿಗೆ ಹಾಗಿಲ್ಲ. 1963ರ ಏಪ್ರಿಲ್ 24ರಂದು ವಿಯೆನ್ನಾದಲ್ಲಿ ಆದ ಒಪ್ಪಂದಕ್ಕೆ ಭಾರತವು 1977ರಲ್ಲಿ ಸೇರಿತು. ಅದರಂತೆ ಕಾನ್ಸಲರಿಗೆ ನ್ಯಾಯಾಲಯಗಳಿಂದ ವಿನಾಯಿತಿ ಇರುವುದು ಅಧಿಕೃತ ಕರ್ತವ್ಯದ ಕಾರ್ಯಗಳಿಗೆ ಮಾತ್ರ.

ವೀಸಾ ನಿರಾಕರಿಸಿದರೆಂದು ಅವರನ್ನು ಇಲ್ಲಿನ ನ್ಯಾಯಾಲಯಕ್ಕೆ ಎಳೆಯಲಾಗದು. ಆದರೆ ಅವರ ಮೋಟಾರು ದಾರಿಹೋಕರಿಗೆ ಢಿಕ್ಕಿ ಹೊಡೆದರೆ ಗಾಯಗೊಂಡವರು ನಷ್ಟಪರಿಹಾರಕ್ಕೆ ದಾವೆ ಹೂಡಬಹುದು. ಕರ್ತವ್ಯದ ಮೇಲೆ ಹೊರಟಿದ್ದೆವೆಂಬ ಉತ್ತರ ಅಲ್ಲಿ ನಡೆಯದು. ಘೋರ ಅಪರಾಧದ ಆರೋಪವಿದ್ದಲ್ಲಿ, ನ್ಯಾಯಾಧಿಕಾರಿಗಳ ಆದೇಶದ ಮೇಲೆ, ವಿಚಾರಣೆಗೆ ಮುಂಚೆಯೇ ಬಂಧಿಸಲೂಬಹುದು. ಕಾನ್ಸಲ್ ಕಚೇರಿಯ ದಾಖಲೆಗಳನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಕೆಲಸ ನಡೆಯುವ ಕೊಠಡಿಗಳಿಗೆ ಒಪ್ಪಿಗೆಯಿಲ್ಲದೆ ಪ್ರವೇಶವಿಲ್ಲ. ಬೆಂಕಿ ಬಿದ್ದರೆ ಮಾತ್ರ ಒಪ್ಪಿಗೆ ದೊರೆತಿದೆಯೆಂದೇ ಭಾವಿಸಿ ಒಳಹೊಗಬಹುದು. ಕಾನ್ಸಲರು ವಾಸಿಸುವ ಮನೆಗೆ ಒಪ್ಪಂದವು ಈ ರಕ್ಷೆಯನ್ನು ಕೊಟ್ಟಿಲ್ಲ.

2012ರಲ್ಲಿ ಈ ಪ್ರಶ್ನೆ ಬೆಂಗಳೂರಿನಲ್ಲಿಯೇ ಎದ್ದಿತು. ಐರೋಪ್ಯ ದೇಶವೊಂದರ ಕಾನ್ಸಲ್ ಕಚೇರಿಯ ಉದ್ಯೋಗಿಯೊಬ್ಬರು ಗಂಭೀರ ಆರೋಪದ ಮೇಲೆ ಬಂಧಿತರಾದರು. ಆರೋಪವು ಕಚೇರಿಯ ಕೆಲಸಕ್ಕೆ ಸೇರಿದ್ದಲ್ಲವಾದ್ದರಿಂದ ಹುದ್ದೆಯ ರಕ್ಷೆ ಅಡ್ಡಬರಲಿಲ್ಲ. ವಿಚಾರಣೆ ನಡೆಯಿತು; 2017ರಲ್ಲಿ ನ್ಯಾಯಾಲಯವು ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅವರನ್ನು ಬಿಡಿಸಿದ್ದು ಹುದ್ದೆಯಲ್ಲ, ತೀರ್ಪು.

ನಮ್ಮ ಅಧಿಕಾರಿಗಳೂ ಪರದೇಶದಲ್ಲಿ ಇದೇ ಕಟ್ಟಿಗೆ ಒಳಪಟ್ಟವರು. 2013ರ ಡಿಸೆಂಬರ್ 12ರಂದು ನ್ಯೂಯಾರ್ಕಿನ ಭಾರತೀಯ ಉಪ ಕಾನ್ಸಲ್ ಜನರಲ್ ದೇವಯಾನಿ ಖೋಬ್ರಾಗಡೆ ಅವರನ್ನು, ಮನೆಗೆಲಸದವರ ವೀಸಾ ಅರ್ಜಿಗೆ ಸಂಬಂಧಿಸಿದ ಆರೋಪದ ಮೇಲೆ, ಅಲ್ಲಿ ಬಂಧಿಸಲಾಯಿತು. ಅನಂತರ ಅವರು ವಿಶ್ವಸಂಸ್ಥೆಯ ಭಾರತೀಯ ನಿಯೋಗಕ್ಕೆ ವರ್ಗವಾಗಿ, 2014ರ ಜನವರಿಯಲ್ಲಿ ಪೂರ್ಣ ವಿನಾಯಿತಿ ಪಡೆದು ಸ್ವದೇಶಕ್ಕೆ ಮರಳಿದರು. ಆ ವಿನಾಯಿತಿಯ ಕಾರಣದಿಂದಲೇ ಮಾರ್ಚ್ 12ರಂದು ಅಲ್ಲಿನ ನ್ಯಾಯಾಲಯ ದೋಷಾರೋಪವನ್ನು ತಳ್ಳಿಹಾಕಿತು. ಎರಡೇ ದಿನಗಳಲ್ಲಿ ಹೊಸದಾಗಿ ಆರೋಪ ಹೊರಿಸಲಾಯಿತು. ವ್ಯಕ್ತಿ ಒಬ್ಬರೇ; ಹುದ್ದೆ ಬದಲಾದಂತೆ ರಕ್ಷೆಯೂ ಬದಲಾಗಿತ್ತು.

ಇದೆಲ್ಲ ಸರ್ಕಾರಗಳ ವ್ಯವಹಾರ, ಸಂಸಾರಸ್ಥರಿಗೇನು ಎನ್ನುವಂತಿಲ್ಲ. ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿರುವ ಮನೆಗಳು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೀದಿಬೀದಿಗೂ ಉಂಟು. ಅಲ್ಲಿ ಹುಟ್ಟಿದ ಮೊಮ್ಮಗುವಿಗೆ ಭಾರತೀಯ ಪೌರತ್ವ ಬೇಕಾದರೆ ಒಂದು ವರ್ಷದೊಳಗೆ ಭಾರತದ ಕಾನ್ಸಲ್ ಕಚೇರಿಯಲ್ಲಿ ಜನನವನ್ನು ನೋಂದಾಯಿಸಬೇಕು. 1969ರ ವಿದೇಶ ವಿವಾಹ ಕಾಯಿದೆಯಂತೆ ಅಲ್ಲಿ ಮದುವೆಯನ್ನೂ ನೆರವೇರಿಸಬಹುದು. ಅಲ್ಲಿ ಯಾರಾದರೂ ಬಂಧನಕ್ಕೊಳಗಾದರೆ, ಅವರು ಬಯಸಿದಲ್ಲಿ ತಮ್ಮ ದೇಶದ ಕಾನ್ಸಲರಿಗೆ ಸುದ್ದಿ ಮುಟ್ಟಿಸಬೇಕು. ಹಾಗೊಂದು ಹಕ್ಕುಂಟೆಂದು ಬಂಧಿತರಿಗೆ ತಡಮಾಡದೆ ತಿಳಿಸುವುದೂ ಕಡ್ಡಾಯ. ಕಾನ್ಸಲರು ಸೆರೆಮನೆಗೆ ಹೋಗಿ ಅವರನ್ನು ಕಾಣಬಹುದು, ವಕೀಲರನ್ನು ಗೊತ್ತುಮಾಡಬಹುದು.

ಸ್ಥಳೀಯ ಅಧಿಕಾರಿಗಳ ಭಯವಿಲ್ಲದೆ ಅವರು ಆ ಬಾಗಿಲನ್ನು ತಟ್ಟಬೇಕಾದರೆ ಅವರ ಕೆಲಸಕ್ಕೊಂದು ರಕ್ಷೆ ಬೇಕು. ಅದು ವ್ಯಕ್ತಿಯ ಲಾಭಕ್ಕಲ್ಲ, ಕರ್ತವ್ಯದ ಸಾಧನೆಗೆಂದು ಒಪ್ಪಂದದ ಪೀಠಿಕೆಯೇ ಸಾರುತ್ತದೆ. ಬೆಂಗಳೂರಿನಲ್ಲಿರುವ ಪರದೇಶದ ಕಾನ್ಸಲರಿಗೆ ನಾವು ಸಲ್ಲಿಸುವ ಈ ಮರ್ಯಾದೆಯನ್ನೇ, ದೂರದಲ್ಲಿರುವ ನಮ್ಮ ಮಕ್ಕಳಿಗಾಗಿ ಅವರ ದೇಶದಿಂದ ನಾವೂ ಕೇಳಬಹುದು.