ಪೆಪ್ಪರ್ ಎಂಬ ಹೆಸರು ಯಾರದು?

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಅಡಕೆ ತೋಟಗಳಲ್ಲಿ ಮರವನ್ನಪ್ಪಿ ಹಬ್ಬಿದ ಮೆಣಸಿನ ಬಳ್ಳಿಯು ಎಲ್ಲರಿಗೂ ಪರಿಚಿತವಾದುದು. ಅದರ ಕಾಳುಗಳನ್ನು ಹಸಿರಿರುವಾಗಲೇ ಕೊಯ್ದು ಬಿಸಿಲಿಗೆ ಹರಡಿದರೆ ಸಿಪ್ಪೆಯು ಸುಕ್ಕುಗಟ್ಟಿ ಕಪ್ಪಾಗುವುದು. ಇದಕ್ಕೆ ಇಂಗ್ಲಿಷಿನಲ್ಲಿ 'ಪೆಪ್ಪರ್' ಎನ್ನುವರೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಹೆಸರು ಮೂಲತಃ ಈ ಬಳ್ಳಿಯದಲ್ಲ!

ಸಂಸ್ಕೃತದಲ್ಲಿ ಕಾಳುಮೆಣಸಿಗೆ 'ಮರೀಚ' ಎಂದು ಹೆಸರು. 'ಪಿಪ್ಪಲೀ' ಎಂಬುದು ಅದರ ದಾಯಾದಿಯಾದ ಬೇರೊಂದು ಗಿಡ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಅದು ನಮ್ಮಲ್ಲಿ ಹಿಪ್ಪಲಿಯಾಯಿತು. ಈ 'ಪಿಪ್ಪಲೀ'ಯೇ ಪಶ್ಚಿಮಕ್ಕೆ ಸಾಗಿ ಗ್ರೀಕರಲ್ಲಿ 'ಪೆಪೆರಿ', ರೋಮನರಲ್ಲಿ 'ಪಿಪೆರ್', ಇಂಗ್ಲಿಷರಲ್ಲಿ 'ಪೆಪ್ಪರ್' ಆಯಿತು. ಲಕಾರವು ರಕಾರವಾದುದು ಪಾರಸಿಕರ ನಾಲಗೆಯ ಪ್ರಭಾವವೆಂದು ಭಾಷಾಶಾಸ್ತ್ರಜ್ಞರ ಊಹೆ. ಕಾಳುಮೆಣಸು ಪಶ್ಚಿಮದಲ್ಲಿ ಹೆಚ್ಚು ಬಳಕೆಗೆ ಬಂದಾಗ ಹಿಪ್ಪಲಿಯ ಹೆಸರೇ ಅದಕ್ಕೂ ಅಂಟಿಕೊಂಡಿತು. ಪೇಟೆಯಲ್ಲಿ ಹೀಗಾಗುವುದು ಅಪರೂಪವಲ್ಲ. 19ನೆಯ ಶತಮಾನದಲ್ಲಿ ಧಾರವಾಡದ ಕಡೆ ಬೆಳೆದ ಹತ್ತಿಯು ಕುಮಟಾ ಬಂದರಿನಿಂದ ಹಡಗೇರುತ್ತಿದ್ದ ಕಾರಣ 'ಕುಮಟಾ ಹತ್ತಿ' ಎನಿಸಿಕೊಂಡಿತು.

ಹೆಸರು ಯಾರದೇ ಇರಲಿ, ವಸ್ತುವಿಗಾಗಿ ನಡೆದ ಹೋರಾಟ ಸಾಮಾನ್ಯವಾದುದಲ್ಲ. ಕ್ರಿ. ಶ. 408ರಲ್ಲಿ ರೋಮನ್ನು ಮುತ್ತಿದ ಅಲಾರಿಕನು ಬೆಳ್ಳಿಬಂಗಾರಗಳೊಡನೆ 3,000 ಪೌಂಡು ಮೆಣಸನ್ನೂ ಕಪ್ಪವಾಗಿ ಪಡೆದನು. 1502ರಲ್ಲಿ ಭಟ್ಕಳಕ್ಕೆ ಬಂದ ವಾಸ್ಕೋ ಡ ಗಾಮನು ಅಲ್ಲಿಯವರು ಮೆಣಸಿನ ವ್ಯಾಪಾರವನ್ನೇ ಮಾಡಕೂಡದೆಂದು ಷರತ್ತು ಹಾಕಿದುದನ್ನು ಗಾಸ್ಪರ್ ಕೊರೆಯ ಎಂಬ ಪೋರ್ತುಗೀಸ್ ಚರಿತ್ರಕಾರನು ಬರೆದಿದ್ದಾನೆ. ತನ್ನ ಬಂದರಿನಲ್ಲಿ ತನ್ನ ನೆಲದ ಬೆಳೆಯನ್ನೇ ಮಾರಬಾರದೆಂಬ ಕಟ್ಟಳೆ! ಅದೇ ಶತಮಾನದ ಉತ್ತರಾರ್ಧದಲ್ಲಿ ಹೊನ್ನಾವರದ ಮೇಲ್ಗಡೆ ಶರಾವತಿಯ ದಂಡೆಯ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಸರು 'ರೈನ್ಹ ದ ಪಿಮೆಂತ', ಎಂದರೆ ಮೆಣಸಿನ ರಾಣಿ, ಎಂದು ಕರೆದರು. ಇಲ್ಲಿಯ 'ಪಿಮೆಂತ' ಪಿಪ್ಪಲಿಯ ಸಂತತಿಯಲ್ಲ. ಬಣ್ಣ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದುದು.

ಇಷ್ಟರಲ್ಲಿ ಇನ್ನೊಂದು ಗೊಂದಲ ಸೇರಿತು. ಮೆಣಸಿನ ನಾಡನ್ನು ಹುಡುಕುತ್ತ ಹೊರಟು ಅಮೆರಿಕವನ್ನು ಮುಟ್ಟಿದ ಕೊಲಂಬಸನ ಕಡೆಯವರು ಅಲ್ಲಿಯ ಖಾರದ ಕಾಯಿಗೂ ಮೆಣಸಿನ ಹೆಸರನ್ನೇ ಇಟ್ಟರು. ನಾವಾದರೂ ಮಾಡಿದುದೇನು? ಪೋರ್ತುಗೀಸರ ಮೂಲಕ ಆ ಕಾಯಿ ನಮ್ಮಲ್ಲಿಗೆ ಬಂದಾಗ ಅದನ್ನು 'ಮೆಣಸಿನಕಾಯಿ' ಎಂದೆವು. ಕೊನೆಗೆ ಮನೆಯ ಮೆಣಸೇ ತನ್ನ ಗುರುತಿಗಾಗಿ 'ಕರಿ' ಎಂದೋ 'ಕಾಳು' ಎಂದೋ ಸೇರಿಸಿಕೊಳ್ಳಬೇಕಾಯಿತು.

ಸಸ್ಯಶಾಸ್ತ್ರಜ್ಞನು ಇದನ್ನೊಪ್ಪನು. ಹೂವನ್ನು ನೋಡಿದರೆ ಮೆಣಸಿನಕಾಯಿಯು ಬದನೆ, ಟೊಮೇಟೊಗಳ ನಂಟು. ಕಾಳುಮೆಣಸು ವೀಳೆಯದೆಲೆಯ ನಂಟು. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನನ್ನು 1819ರಲ್ಲಿ ಬೇರ್ಪಡಿಸಿದವನು ಅರ್ಸ್ಟೆಡ್. ಮರುವರ್ಷ ವಿದ್ಯುತ್ಪ್ರವಾಹವು ದಿಕ್ಸೂಚಿಯನ್ನು ಅಲುಗಿಸುವುದನ್ನು ಕಂಡವನೂ ಅವನೇ. ಮೆಣಸಿನಕಾಯಿಯಲ್ಲಿರುವುದು ಕ್ಯಾಪ್ಸೈಸಿನ್ ಎಂಬ ಬೇರೆ ವಸ್ತು. ಆದರೆ ಬಿಸಿಯನ್ನು ಅರಿಯುವ ನರತಂತುಗಳಲ್ಲಿರುವ ಒಂದೇ ಗ್ರಾಹಕವನ್ನು ಇವೆರಡೂ ಕೆರಳಿಸುತ್ತವೆ. ಈ ಗ್ರಾಹಕವನ್ನು 1997ರಲ್ಲಿ ಬೆಳಕಿಗೆ ತಂದ ಡೇವಿಡ್ ಜೂಲಿಯಸರಿಗೆ 2021ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದುದರಿಂದ ಒಂದೇ ಹೆಸರಿಟ್ಟ ಜನರನ್ನು ನಾವು ತೀರ ಆಕ್ಷೇಪಿಸಲಾರೆವು. ಅವರು ಹೂವನ್ನು ನೋಡಲಿಲ್ಲ, ನಾಲಗೆಯನ್ನು ನಂಬಿದರು. ಆದರೆ ಖಾರವೇ ಇಲ್ಲದ ದೊಣ್ಣೆಮೆಣಸಿನಕಾಯಿಯನ್ನು ಇಂಗ್ಲಿಷರು 'ಪೆಪ್ಪರ್' ಎಂದೂ ನಾವು ಮೆಣಸಿನಕಾಯಿ ಎಂದೂ ಕರೆಯುವುದಕ್ಕೆ ಈ ಸಮಾಧಾನವೂ ಒದಗದು.