ಶೋಧಯಂತ್ರವೂ ಯಂತ್ರಲಿಖಿತ ಪುಟಗಳೂ

ಅಂತರಜಾಲದ ಅಸಂಖ್ಯಾತ ಪುಟಗಳಿಂದ ನಮಗೆ ಬೇಕಾದುದನ್ನು ಕ್ಷಣಮಾತ್ರದಲ್ಲಿ ಹೆಕ್ಕಿ ಕೊಡುವ ಸಾಧನವೇ ಶೋಧಯಂತ್ರ. ಗೂಗಲ್ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಪುಟಗಳ ಯೋಗ್ಯತೆಯನ್ನು ಯಂತ್ರವು ಅಳೆಯುವುದೆಂತು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಇದಕ್ಕೊಂದು ಉಪಾಯವನ್ನು 1998ರಲ್ಲಿ ಪ್ರಕಟಿಸಿದರು. ಒಂದು ಪುಟವು ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಸಾಕ್ಷ್ಯವಿದ್ದಂತೆ. ಸಾಕ್ಷಿ ಯೋಗ್ಯನಾದಷ್ಟೂ ಸಾಕ್ಷ್ಯದ ತೂಕ ಹೆಚ್ಚು.

ಅಂದು ಒಂದು ಪುಟವನ್ನು ಬರೆಯಲು ಮನುಷ್ಯನ ಶ್ರಮ ಬೇಕಾಗಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ಇಂತಹ ಯಂತ್ರವು ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಗಣಿಸುತ್ತ ವಾಕ್ಯವನ್ನು ಹೆಣೆಯುತ್ತದೆ. ಆದುದರಿಂದ ಬರಹವು ನಯವಾಗಿರುತ್ತದೆ, ಸತ್ಯವಾಗಿರಲೇಬೇಕೆಂಬ ನಿಯಮವಿಲ್ಲ.

ಹಾಗಾದರೆ ಯಂತ್ರಲಿಖಿತ ಪುಟಗಳನ್ನು ಪತ್ತೆಹಚ್ಚಿ ಹೊರದೂಡಬಾರದೇಕೆ? ಚಾಟ್‌ಜಿಪಿಟಿಯನ್ನು ನಿರ್ಮಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಅಂತಹ ಪರೀಕ್ಷಕವೊಂದನ್ನು ಹೊರತಂದಿತು. ಸಂಸ್ಥೆಯೇ ತಿಳಿಸಿದಂತೆ, ಯಂತ್ರ ಬರೆದುದರಲ್ಲಿ ಅದು ಗುರುತಿಸಿದ್ದು ಶೇಕಡ 26 ಮಾತ್ರ. ಮನುಷ್ಯರು ಬರೆದುದರಲ್ಲಿ ಶೇಕಡ 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತು. ಒಂದು ಲೆಕ್ಕ ಮಾಡಿ ನೋಡೋಣ. 1,000 ಪುಟಗಳಲ್ಲಿ ಅರ್ಧ ಮನುಷ್ಯರವು, ಅರ್ಧ ಯಂತ್ರದವು ಎಂದಿಟ್ಟುಕೊಳ್ಳಿ. ಯಂತ್ರದ 500ರಲ್ಲಿ 130 ಸಿಕ್ಕಿಬೀಳುತ್ತವೆ, 370 ನುಸುಳುತ್ತವೆ. ಮನುಷ್ಯರ 500ರಲ್ಲಿ 45 ನಿರಪರಾಧಿ ಪುಟಗಳು ದಂಡನೆಗೆ ಗುರಿಯಾಗುತ್ತವೆ. ಅದೇ ವರ್ಷದ ಜುಲೈನಲ್ಲಿ ಸಂಸ್ಥೆಯು ಆ ಪರೀಕ್ಷಕವನ್ನು ಹಿಂತೆಗೆದುಕೊಂಡಿತು.

ಯಂತ್ರವು ಪದಗಳನ್ನು ಆಯುವಾಗಲೇ ಗುಪ್ತವಾದೊಂದು ಗಣಿತದ ಗುರುತನ್ನು ಹುದುಗಿಸುವುದು ಇನ್ನೊಂದು ಮಾರ್ಗ. ಗೂಗಲ್ ಡೀಪ್‌ಮೈಂಡ್ ವಿಜ್ಞಾನಿಗಳು 2024ರಲ್ಲಿ ಇದನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಆದರೆ ಗುರುತು ಹಾಕದ ಯಂತ್ರಗಳ ಬರಹಕ್ಕೆ ಈ ಮಾರ್ಗವು ಒದಗದು. ಬರಹವನ್ನು ಪೂರ್ತಿಯಾಗಿ ತಿದ್ದಿ ಬರೆದರೆ ಗುರುತೂ ಮಸುಕಾಗುತ್ತದೆ.

ಆದಕಾರಣ ಪ್ರಶ್ನೆಯನ್ನೇ ಬದಲಿಸಬೇಕಾಗಿದೆ. ಗೂಗಲ್ ಸಂಸ್ಥೆಯು 2024ರ ಮಾರ್ಚಿನಲ್ಲಿ ಪ್ರಕಟಿಸಿದ ನಿಯಮವು ಈ ದಿಕ್ಕಿನದು: ಓದುಗರಿಗೆ ನೆರವಾಗದೆ, ಮೇಲಿನ ಸ್ಥಾನವನ್ನು ಗಿಟ್ಟಿಸಲೆಂದೇ ರಾಶಿರಾಶಿಯಾಗಿ ತಯಾರಿಸಿದ ಪುಟಗಳು, ಯಂತ್ರ ಬರೆದಿರಲಿ, ಮನುಷ್ಯರು ಬರೆದಿರಲಿ, ನಿಷಿದ್ಧ. "ಯಾರು ಬರೆದರು?" ಎಂಬುದಕ್ಕಿಂತ "ಇದರಲ್ಲಿ ಹೊಸದೇನಿದೆ? ಇದಕ್ಕೆ ಹೊಣೆ ಯಾರು?" ಎಂಬುದೇ ಮುಖ್ಯ.

ಮಳೆಮಾಪಕದ ನೀರನ್ನು ದಿನವೂ ಅಳೆದು ಬರೆಯುವವನೊಬ್ಬನಿರುತ್ತಾನೆ. ಅವನ ಅಂಕಿಗಳನ್ನು ನೂರು ಬಗೆಯಲ್ಲಿ ತಿರುಗಿಸಿ ಬರೆಯುವುದು ಯಂತ್ರಕ್ಕೆ ಸುಲಭ. ಶೋಧಯಂತ್ರವು ನಕಲನ್ನು ಮುಂದಿಟ್ಟು ಮೂಲವನ್ನು ಮರೆಸಿದರೆ, ಓದುವವರಿಲ್ಲದೆ ಅವನು ಬರೆಯುವುದನ್ನೇ ಬಿಟ್ಟಾನು. ಆಗ ನಕಲಿಸುವುದಕ್ಕೂ ಏನೂ ಉಳಿಯದು.