ಹಂಪಿಯಿಂದ ಫಿನ್‌ಲ್ಯಾಂಡಿಗೆ ಎಷ್ಟು ದೂರ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಹೆಣ್ಣು ಮಕ್ಕಳ ಅಂಕವನ್ನು ನೆರೆಹೊರೆಯವರೂ ಕೇಳುತ್ತಾರೆ. ಪಿಯುಸಿ ಅಂಕವನ್ನು ಸಂಬಂಧಿಕರು ಕೇಳುತ್ತಾರೆ. ಬಿ.ಎ. ಮುಗಿದಾಗ ಮಾತ್ರ ಅಂಕವನ್ನು ಯಾರೂ ಕೇಳುವುದಿಲ್ಲ. "ಇನ್ನೇನು, ಓದು ಮುಗಿಯಿತಲ್ಲ?" ಎಂದು ಹೇಳಿ ಚಹಾ ಕುಡಿದು ಎದ್ದು ಹೋಗುತ್ತಾರೆ. ಕಂಪ್ಲಿಯಿಂದ, ಸಂಡೂರಿನಿಂದ ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಕಾಲೇಜಿಗೆ ಓಡಾಡಿದ ಹುಡುಗಿಯ ಓದು ನಿಜಕ್ಕೂ ಅಲ್ಲಿಗೆ ಮುಗಿಯಿತೇ?

ಈಚಿನ ವರ್ಷಗಳಲ್ಲಿ ಕೆಲವು ಹುಡುಗಿಯರು ಬೇರೆಯೇ ಪ್ರಶ್ನೆ ಕೇಳತೊಡಗಿದ್ದಾರೆ. "ಟೀಚರ್, ಫಿನ್‌ಲ್ಯಾಂಡಿನಲ್ಲಿ ಓದು ಉಚಿತವಂತೆ, ಹೌದಾ?" ಮೊಬೈಲ್ ನೋಡಿ ಕೇಳುವ ಪ್ರಶ್ನೆ ಇದು. ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಆದ್ದರಿಂದ ವಿಷಯವನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಉಚಿತ ಯಾವುದು, ದುಬಾರಿ ಯಾವುದು?

ಒಂದು ಕಾಲದಲ್ಲಿ ಫಿನ್‌ಲ್ಯಾಂಡಿನ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೂ ಬೋಧನಾ ಶುಲ್ಕ ಇರಲಿಲ್ಲ. 2017ರಿಂದ ಅದು ಬದಲಾಯಿತು. ಯುರೋಪಿನ ಹೊರಗಿನಿಂದ ಬಂದು ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ ಓದುವವರು ಶುಲ್ಕ ಕಟ್ಟಬೇಕು. ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ವರ್ಷಕ್ಕೆ 8 ಸಾವಿರದಿಂದ 20 ಸಾವಿರ ಯೂರೋ. ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೂ 8 ಲಕ್ಷದಿಂದ 20 ಲಕ್ಷ ರೂಪಾಯಿ. ಅದರ ಮೇಲೆ ವಾಸದ ಖರ್ಚು. ವಿದ್ಯಾರ್ಥಿಗೆ ತಿಂಗಳಿಗೆ ಕನಿಷ್ಠ 800 ಯೂರೋ ಇದೆ ಎಂದು ತೋರಿಸಬೇಕೆಂದು 2024ರ ನವೆಂಬರ್‌ನಿಂದ ನಿಯಮವಾಗಿದೆ. ಮೊದಲ ವರ್ಷಕ್ಕೇ 9,600 ಯೂರೋ ಖಾತೆಯಲ್ಲಿರಬೇಕು. ಆರೋಗ್ಯ ವಿಮೆಯೂ ಬೇಕು. 2026ರ ಆಗಸ್ಟ್ ನಂತರ ಆರಂಭವಾಗುವ ಪದವಿಗಳಿಗೆ ಅರ್ಜಿ ಹಾಕುವವರಿಗೆ 100 ಯೂರೋ ಅರ್ಜಿ ಶುಲ್ಕವೂ ಬಂದಿದೆ.

ಹಾಗಾದರೆ ಉಚಿತ ಎನ್ನುವ ಮಾತು ಎಲ್ಲಿಂದ ಬಂತು? ಅದು ಡಾಕ್ಟರೇಟ್ ಪದವಿಯ ಮಾತು. ಅಲ್ಲಿ ಪಿಎಚ್.ಡಿ.ಗೆ ಯಾವ ದೇಶದವರಿಗೂ ಬೋಧನಾ ಶುಲ್ಕವಿಲ್ಲ. ಅಷ್ಟೇ ಅಲ್ಲ, ಬಹಳಷ್ಟು ಸಂಶೋಧಕರು ವಿಶ್ವವಿದ್ಯಾಲಯದ ಸಂಬಳದ ಹುದ್ದೆಯಲ್ಲಿದ್ದು, ಇಲ್ಲವೇ ಕೋನೆ ಪ್ರತಿಷ್ಠಾನದಂತಹ ಸಂಸ್ಥೆಗಳ ಧನಸಹಾಯ ಪಡೆದು ಪಿಎಚ್.ಡಿ. ಮಾಡುತ್ತಾರೆ. ಆದರೆ ಶುಲ್ಕವಿಲ್ಲ ಎಂದರೆ ಊಟ, ಬಾಡಿಗೆ ಪುಕ್ಕಟೆ ಎಂದಲ್ಲ. ಸಂಬಳವನ್ನೋ ಧನಸಹಾಯವನ್ನೋ ಗಳಿಸಿಕೊಂಡೇ ಹೋಗಬೇಕು. ಅದಕ್ಕೆ ಸ್ಪರ್ಧೆ ಬಿಗಿಯಾಗಿದೆ.

ಈ ವ್ಯತ್ಯಾಸ ನಮ್ಮ ಮನೆಗಳಿಗೆ ಬಹಳ ಮುಖ್ಯ. ಬಡ್ಡಿಯ ಶಿಕ್ಷಣ ಸಾಲ ಬೇಡವೆಂದು ಎಷ್ಟೋ ತಂದೆಯರು ಮಗಳ ಓದನ್ನೇ ನಿಲ್ಲಿಸಿದ್ದಾರೆ. ಬಡ್ಡಿ ಬೇಡ ಎನ್ನುವುದು ಸರಿಯೇ. ಆದರೆ ಓದು ಬೇಡ ಎನ್ನಬೇಕಾಗಿಲ್ಲ. ಸ್ನಾತಕೋತ್ತರ ಪದವಿಯನ್ನು ಇಲ್ಲೇ ಕಡಿಮೆ ಖರ್ಚಿನಲ್ಲಿ ಮುಗಿಸಿ, ಸಂಶೋಧನೆಗೆ ಸಂಬಳ ಸಿಕ್ಕರೆ ಹೊರಡುವ ದಾರಿ ತೆರೆದೇ ಇದೆ.

ಆ ದಾರಿ ನಮ್ಮ ಊರಿನಿಂದಲೇ ಆರಂಭ

ಹೊಸಪೇಟೆಯ ಬಗಲಲ್ಲೇ ಕನ್ನಡ ವಿಶ್ವವಿದ್ಯಾಲಯವಿದೆ. 1991ರಲ್ಲಿ ಸ್ಥಾಪನೆಯಾದ ಇದು ಸಂಶೋಧನೆಗೆಂದೇ ಹುಟ್ಟಿದ್ದು. ಜಾನಪದ, ಹಸ್ತಪ್ರತಿ, ಮಹಿಳಾ ಅಧ್ಯಯನ, ಬುಡಕಟ್ಟು ಅಧ್ಯಯನ ಇವೆಲ್ಲ ಇಲ್ಲಿ ಕನ್ನಡದಲ್ಲೇ ನಡೆಯುತ್ತವೆ. 'ಕರ್ನಾಟಕದ ಸೂಫಿಗಳು' ಬರೆದ, 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಡಾ. ರಹಮತ್ ತರೀಕೆರೆಯವರು ಪ್ರಾಧ್ಯಾಪಕರಾಗಿದ್ದುದು ಇಲ್ಲಿಯೇ. ಸಂಡೂರಿನ ನಂದಿಹಳ್ಳಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ಖನಿಜ ಸಂಸ್ಕರಣೆಯಂಥ ಅಪರೂಪದ ವಿಷಯವನ್ನು ಅಲ್ಲಿ ಕಲಿಸುತ್ತಾರೆ.

"ಹಂಪಿಗೂ ಫಿನ್‌ಲ್ಯಾಂಡಿಗೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಇದೆ. ಫಿನ್‌ಲ್ಯಾಂಡಿನ ತುರ್ಕು ನಗರದ ಜಾನಪದ ವಿದ್ವಾಂಸ ಲೌರಿ ಹಾಂಕೊ 1990ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡಕ್ಕೆ ಬಂದು, ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಫಿನ್‌ಲ್ಯಾಂಡಿನಿಂದ ಪುಸ್ತಕವಾಗಿ ಬಂತು. ಆ ಕೆಲಸದಲ್ಲಿ ಅವರ ಜೊತೆಗಿದ್ದವರು ನಮ್ಮವರೇ ಆದ ಡಾ. ಬಿ. ಎ. ವಿವೇಕ ರೈ ಮತ್ತು ಡಾ. ಚಿನ್ನಪ್ಪ ಗೌಡ. ಮುಂದೆ 2004ರಲ್ಲಿ ವಿವೇಕ ರೈಯವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾದರು.

ಇದರಲ್ಲಿ ನಮಗೊಂದು ಪಾಠವಿದೆ. ಫಿನ್‌ಲ್ಯಾಂಡಿನ ವಿದ್ವಾಂಸರು ಅಷ್ಟು ದೂರ ಬಂದದ್ದು ನಮ್ಮಲ್ಲಿದ್ದುದನ್ನು ಹುಡುಕಿಕೊಂಡು. ನಮ್ಮ ನೆಲದ ಹಾಡು, ನಮ್ಮ ಹೊಲದ ಬದುಕು ಅವರಿಗೆ ಅಮೂಲ್ಯ ಸಾಮಗ್ರಿ. ನಮಗೆ ಮಾತ್ರ ಅದು ಅಡುಗೆಮನೆಯ ಮಾತು!

ಪ್ರಶ್ನೆ ಇದ್ದವಳಿಗೆ ದಾರಿ

ಪಿಎಚ್.ಡಿ. ಅರ್ಜಿಯ ಜೀವಾಳ ಎಂದರೆ ಸಂಶೋಧನಾ ಯೋಜನೆ. ಏನನ್ನು ತಿಳಿಯಬೇಕೆಂದಿದ್ದೀರಿ, ಈವರೆಗೆ ಯಾರು ಏನು ಹೇಳಿದ್ದಾರೆ, ನೀವು ಹೇಗೆ ಹುಡುಕುತ್ತೀರಿ, ಎಷ್ಟು ಕಾಲ ಬೇಕು ಎಂಬುದನ್ನು ಕೆಲವೇ ಪುಟಗಳಲ್ಲಿ ಬರೆಯಬೇಕು. ಒಳ್ಳೆಯ ಪ್ರಶ್ನೆ ಹುಡುಕಲು ಊರು ಬಿಡಬೇಕಾಗಿಲ್ಲ.

ನಮ್ಮ ಅಜ್ಜಿಯಂದಿರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ದಖನಿ ಚಕ್ಕಿನಾಮಾ, ತೊಟ್ಟಿಲ ಲೋರಿ ಇವೆ. ಹಾಡುವವರು ಇನ್ನೆಷ್ಟು ವರ್ಷ ಇರುತ್ತಾರೆ? ಹಂಪಿಯಲ್ಲಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಧರ್ಮಶಾಲೆ ಇದೆ. ಎರಡನೇ ದೇವರಾಯನ ಪುಣ್ಯಕ್ಕಾಗಿ ಕಟ್ಟಿಸಿದ್ದೆಂದು ಅದರ ಶಾಸನ ಹೇಳುತ್ತದೆ. ಕಡಿರಾಂಪುರದ ಗುಮ್ಮಟಗಳ ಮುಂದೆ ನಾವು ದಿನವೂ ಬಸ್ಸಿನಲ್ಲಿ ಹಾದು ಹೋಗುತ್ತೇವೆ. ಸಂಡೂರಿನ ಅದಿರಿನ ಧೂಳಿನಲ್ಲಿ ಅಡುಗೆ ಮಾಡುವ ಹೆಂಗಸರ ಆರೋಗ್ಯ, ಕಂಪ್ಲಿಯ ಭತ್ತದ ಗದ್ದೆಯಲ್ಲಿ ನಾಟಿ ಮಾಡುವವರ ಕೂಲಿ, ತುಂಗಭದ್ರಾ ನೀರು ಹರಿದ ಹೊಲಗಳ ಮಣ್ಣು, ಇವೆಲ್ಲವೂ ಸಂಶೋಧನೆಗೆ ಯೋಗ್ಯ. ಖನಿಜ ವಿಷಯ ಓದಿದವರಿಗೆ ಔಲು ವಿಶ್ವವಿದ್ಯಾಲಯದಲ್ಲಿ ಗಣಿ ಶಾಸ್ತ್ರದ ವಿಭಾಗವೇ ಇದೆ. ಕೃಷಿ ವಿಜ್ಞಾನಕ್ಕೆ ಹೆಲ್ಸಿಂಕಿ, ಶಿಕ್ಷಣ ಶಾಸ್ತ್ರಕ್ಕೆ ಯುವಾಸ್ಕುಲಾ ಹೆಸರಾಗಿವೆ. ಯುವಾಸ್ಕುಲಾ ವಿಶ್ವವಿದ್ಯಾಲಯದ ಬೇರು 1863ರಲ್ಲಿ ಆರಂಭವಾದ ಶಿಕ್ಷಕರ ತರಬೇತಿ ಶಾಲೆಯಲ್ಲಿದೆ. ಅಲ್ಲಿ ಹೆಣ್ಣು ಮಕ್ಕಳಿಗೂ ಮೊದಲಿನಿಂದಲೇ ಪ್ರವೇಶವಿತ್ತು.

ಅರ್ಜಿಯ ಹಂತಗಳು

ಸ್ನಾತಕೋತ್ತರ ಪದವಿಗೆ ಅರ್ಜಿಗಳು ಹೆಚ್ಚಾಗಿ ಜನವರಿ ತಿಂಗಳಲ್ಲಿ, ಒಪಿಂತೊಪೊಲ್ಕು ಎಂಬ ಸರ್ಕಾರಿ ಅಂತರ್ಜಾಲ ತಾಣದ ಮೂಲಕ ನಡೆಯುತ್ತವೆ. ತರಗತಿ ಆರಂಭ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಪಾಸ್‌ಪೋರ್ಟ್, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬೇಕು. ಐಇಎಲ್‌ಟಿಎಸ್‌ನಲ್ಲಿ ಸಾಮಾನ್ಯವಾಗಿ 6.5ರ ಆಸುಪಾಸು ಕೇಳುತ್ತಾರೆ. ವಿಶ್ವವಿದ್ಯಾಲಯಗಳು ಕೊಡುವ ವಿದ್ಯಾರ್ಥಿವೇತನಕ್ಕೆ ಹೆಚ್ಚಾಗಿ ಪ್ರವೇಶದ ಅರ್ಜಿಯ ಜೊತೆಯಲ್ಲೇ ಕೋರಿಕೆ ಸಲ್ಲಿಸಬೇಕು, ಆಮೇಲೆ ಕೇಳಿದರೆ ಸಿಗುವುದಿಲ್ಲ.

ಪಿಎಚ್.ಡಿ. ದಾರಿ ಬೇರೆ. ಮೊದಲು ಸ್ನಾತಕೋತ್ತರ ಪದವಿ ಇರಬೇಕು. ನಂತರ ನಿಮ್ಮ ವಿಷಯದಲ್ಲಿ ಕೆಲಸ ಮಾಡುವ ಪ್ರಾಧ್ಯಾಪಕರನ್ನು ಹುಡುಕಿ, ಅವರ ಒಂದೆರಡು ಲೇಖನ ಓದಿ, ಸಂಕ್ಷಿಪ್ತ ಪತ್ರ ಬರೆಯಬೇಕು. ಅವರು ಮಾರ್ಗದರ್ಶಕರಾಗಲು ಒಪ್ಪಿದರೆ ಅರ್ಜಿಗೆ ಬಲ ಬರುತ್ತದೆ. ಸಂಬಳದ ಹುದ್ದೆಗಳನ್ನು ವಿಶ್ವವಿದ್ಯಾಲಯಗಳು ಆಗಾಗ ಪ್ರಕಟಿಸುತ್ತವೆ. ಗುರಿಯ ಅವಧಿ ನಾಲ್ಕು ವರ್ಷ. ಕೊನೆಯಲ್ಲಿ ಮಹಾಪ್ರಬಂಧವನ್ನು ಸಾರ್ವಜನಿಕರ ಎದುರಿಗೇ ಸಮರ್ಥಿಸಿಕೊಳ್ಳಬೇಕು, ಯಾರು ಬೇಕಾದರೂ ಬಂದು ಕುಳಿತು ಕೇಳಬಹುದು.

ಮದ್ರಸದಲ್ಲಿ ಓದಿದ ಸಹೋದರಿಯರಿಗೆ ಒಂದು ಮಾತು. ಆಲಿಮಾ ಸನದು ಒಂದರಿಂದಲೇ ಈ ಅರ್ಜಿ ಸಾಗುವುದಿಲ್ಲ, ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಪದವಿ ಬೇಕು. ಹೈದರಾಬಾದಿನಲ್ಲಿ 1998ರಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದಂಥ ಕಡೆ ಮದ್ರಸದ ಓದಿನಿಂದ ಪದವಿಗೆ ಹೋಗುವ ಸೇತುವೆಗಳಿವೆ. ಪದವಿ ಕೈಗೆ ಬಂದ ಮೇಲೆ, ನೀವು ಕಲಿತ ಅರಬಿ, ಉರ್ದು, ಫಾರಸಿ ಇತರರಲ್ಲಿಲ್ಲದ ಬಂಡವಾಳವಾಗುತ್ತದೆ. ಶಾಸನ, ಹಸ್ತಪ್ರತಿ ಓದಬಲ್ಲವರು ಕಡಿಮೆ.

ಯಾರನ್ನು ನಂಬಬೇಕು?

ನನ್ನ ಬಳಿ ಉರ್ದು ಕಲಿತ ಕಂಪ್ಲಿಯ ಹುಡುಗಿಯೊಬ್ಬಳು ಎಂ.ಎ. ಮುಗಿಸಿದ್ದಳು. ಪರ ಊರಿನ ಏಜೆಂಟನೊಬ್ಬ ಆಕೆಯ ತಂದೆಯ ಬಳಿ, "ಫಿನ್‌ಲ್ಯಾಂಡಿನಲ್ಲಿ ಪಿಎಚ್.ಡಿ. ಸೀಟು ಮಾಡಿಸಿಕೊಡುತ್ತೇನೆ, 75 ಸಾವಿರ ಕೊಡಿ" ಎಂದನಂತೆ. ತಂದೆ ಭತ್ತದ ದುಡ್ಡು ಎಣಿಸಿಟ್ಟಿದ್ದರು. "ಮಾರ್ಗದರ್ಶಕರ ಹೆಸರೇನು ಎಂದು ಕೇಳಿ" ಎಂದು ಹೇಳಿ ಕಳುಹಿಸಿದೆ. ಉತ್ತರ ಬರಲಿಲ್ಲ, ದುಡ್ಡು ಉಳಿಯಿತು. ಮಾರ್ಗದರ್ಶಕರಿಲ್ಲದ ಪಿಎಚ್.ಡಿ. ಸೀಟು ಎಂಬುದಿಲ್ಲ ಎಂಬುದನ್ನು ಪ್ರತಿ ತಾಯಿಯೂ ನೆನಪಿಡಲಿ.

ಹಳೆಯ ಯೋಜನೆಗಳ ಹೆಸರಿನಲ್ಲಿಯೂ ಮೋಸ ಹೋಗಬೇಡಿ. ಅಲ್ಪಸಂಖ್ಯಾತ ಸಂಶೋಧಕರಿಗೆ ದೇಶದೊಳಗೆ ಓದಲು 2009ರಲ್ಲಿ ಬಂದ ಮೌಲಾನಾ ಆಝಾದ್ ಫೆಲೋಶಿಪ್ ಮತ್ತು ವಿದೇಶ ವ್ಯಾಸಂಗದ ಸಾಲದ ಬಡ್ಡಿಗೆ ಸಹಾಯ ನೀಡುತ್ತಿದ್ದ ಪಢೋ ಪರ್ದೇಸ್ ಎರಡನ್ನೂ ಕೇಂದ್ರ ಸರ್ಕಾರ 2022-23ರಲ್ಲಿ ನಿಲ್ಲಿಸಿದೆ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ವಿದೇಶ ವ್ಯಾಸಂಗಕ್ಕೆ ಸಾಲದ ಯೋಜನೆ ಇದೆ. ಅದರ ಷರತ್ತುಗಳನ್ನು ಜಿಲ್ಲಾ ಕಚೇರಿಗೆ ಖುದ್ದಾಗಿ ಹೋಗಿ ಓದಿ, ಬಡ್ಡಿಯ ವಿಚಾರವನ್ನೂ ಕೇಳಿ ತಿಳಿದುಕೊಂಡು ನಿರ್ಧರಿಸಿ.

ತಾಯಂದಿರ ಚಿಂತೆ

"ಅಷ್ಟು ದೂರ, ಅಷ್ಟು ಚಳಿ, ನಮ್ಮವರು ಯಾರಿದ್ದಾರೆ?" ಈ ಚಿಂತೆಯನ್ನು ನಗೆಯಾಡಿ ತಳ್ಳಬಾರದು. ಫಿನ್‌ಲ್ಯಾಂಡಿನಲ್ಲಿ ತಾತಾರ್ ಮುಸ್ಲಿಮರು 19ನೇ ಶತಮಾನದ ಕೊನೆಯಿಂದಲೇ ನೆಲೆಸಿದ್ದಾರೆ. ಅವರ ಜಮಾಅತ್ 1925ರಲ್ಲಿ ನೋಂದಣಿಯಾಯಿತು. ಯಾರ್ವೆನ್‌ಪಾದಲ್ಲಿ 1942ರಲ್ಲಿ ಕಟ್ಟಿದ ಮರದ ಮಸೀದಿ ಇದೆ. ಈಗ ದೊಡ್ಡ ನಗರಗಳಲ್ಲಿ ನಮಾಝಿನ ಸ್ಥಳ, ಹಲಾಲ್ ಅಂಗಡಿ ಎರಡೂ ಸಿಗುತ್ತವೆ. ಆದರೆ ಬೇಸಿಗೆಯಲ್ಲಿ ಹೆಲ್ಸಿಂಕಿಯ ಹಗಲು ಸುಮಾರು 19 ಗಂಟೆ, ಡಿಸೆಂಬರ್‌ನಲ್ಲಿ ಆರು ಗಂಟೆಗೂ ಕಡಿಮೆ. ಬಿಸಿಲಿಗೆ ಹುಟ್ಟಿದ ನಮ್ಮ ಮಕ್ಕಳಿಗೆ ಕತ್ತಲೆಯ ಆ ತಿಂಗಳುಗಳು ಮನಸ್ಸಿನ ಮೇಲೆ ಭಾರವಾಗಬಹುದು. ಪತಿ-ಮಕ್ಕಳೊಂದಿಗೆ ಹೋಗುವುದೇ, ಒಬ್ಬಳೇ ಹೋಗುವುದೇ ಎಂಬುದನ್ನು ಮನೆಯವರೆಲ್ಲ ಕುಳಿತು, ಮಗಳ ಮಾತನ್ನೂ ಕೇಳಿ ತೀರ್ಮಾನಿಸಲಿ. ಕುಟುಂಬವನ್ನು ಕರೆದೊಯ್ಯಲು ಅವಕಾಶವಿದೆ, ಆದರೆ ಅವರ ಖರ್ಚಿಗೂ ಆದಾಯ ತೋರಿಸಬೇಕು. ಮದುವೆಯ ಮಾತುಕತೆಯ ಸಮಯದಲ್ಲೇ "ಹುಡುಗಿ ಮುಂದೆ ಓದುತ್ತಾಳೆ" ಎಂದು ಸ್ಪಷ್ಟವಾಗಿ ಹೇಳಿಬಿಟ್ಟರೆ ಆಮೇಲಿನ ಎಷ್ಟೋ ಕಣ್ಣೀರು ತಪ್ಪುತ್ತದೆ.

ಎಲ್ಲರೂ ಫಿನ್‌ಲ್ಯಾಂಡಿಗೆ ಹೋಗಬೇಕಾಗಿಲ್ಲ. ಹೋದವರಷ್ಟೇ ಜಾಣರೂ ಅಲ್ಲ. ಆದರೆ ಅರ್ಜಿಗಾಗಿ ಮಾಡುವ ತಯಾರಿ ವ್ಯರ್ಥವಾಗುವುದಿಲ್ಲ. ಇಂಗ್ಲಿಷ್ ಸುಧಾರಿಸುತ್ತದೆ, ಪ್ರಶ್ನೆ ಕೇಳಲು ಬರುತ್ತದೆ. ಅದೇ ಸಂಶೋಧನಾ ಯೋಜನೆಯನ್ನು ಹಿಡಿದುಕೊಂಡು ಹಂಪಿಯ ಬಾಗಿಲನ್ನೂ ತಟ್ಟಬಹುದು. ಈ ವಾರ ನಿಮ್ಮ ಮನೆಯ ಹಿರಿಯಜ್ಜಿಯ ಬಳಿ ಒಂದು ಚಕ್ಕಿನಾಮಾ ಹಾಡಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮಗಳ ಕೈಯಲ್ಲಿ ಬರೆಸಿ ಇಡಿ. ಅದಕ್ಕೆ ಯಾವ ಶುಲ್ಕವೂ ಇಲ್ಲ.